ಹೂವಿನ ಮನೆಯ ಪಕ್ಕದ ಮನೆ

ಮೂಕಮ್ಮನ ಕೈಗೆ ಹಸಿರು ಬಳೆ ಏರುತ್ತಿರಲಿಲ್ಲ. ಗೆಣ್ಣಿನ ಹತ್ತಿರ ಬಂದು ನಿಂತುಬಿಡುತ್ತಿತ್ತು. ಹೆಣದ ಸುತ್ತ ಕೂತ ನಾಲ್ವರು ಮುತ್ತೈದೆಯರೂ ಒಬ್ಬರಾದ ಮೇಲೆ ಒಬ್ಬರು ಪ್ರಯತ್ನಿಸಿ ಸೋತಿದ್ದರು.

"ಸೋಪು ಹಚ್ರೇ."

"ಹಚ್ಚಿದ್ದಾಯ್ತು. ಒತ್ತಬ್ಯಾಡ ದುಗ್ಗಮ್ಮ, ಒಡೀತದೆ. ಇವತ್ತು ಬಳೆ ಒಡೀಬಾರದು."

ಅಂತರಘಟ್ಟಮ್ಮ ನಾಲ್ಕು ಮಾರು ದೂರದಲ್ಲಿ, ಎರಡು ಮನೆಗಳ ನಡುವಿನ ಮೋಟು ಗೋಡೆಗೆ ಒರಗಿ ನಿಂತಿದ್ದಳು. ಆ ಕೈಗೆ ಎಷ್ಟೋ ಗೌರಿ ಹಬ್ಬಗಳಲ್ಲಿ ಅವಳೇ ಬಳೆ ಏರಿಸಿದ್ದಳು. ಗಂಡ ತೀರಿಕೊಂಡ ಮೇಲೆ ಅದು ನಿಂತಿತ್ತು. ಇವತ್ತೂ ಮುಟ್ಟುವ ಹಾಗಿರಲಿಲ್ಲ.

"ಹೆಬ್ಬೆರಳು ಒಳಗೆ ಮಡಿಸ್ರೇ," ಅಂದಳು ನಿಂತಲ್ಲಿಂದಲೇ. "ಅವಳ ಕೈ ಹಂಗೇ. ಮೊದಲಿಂದಾನೂ."

ದುಗ್ಗಮ್ಮ ಹೆಬ್ಬೆರಳನ್ನು ಮಡಿಸಿದಳು. ಬಳೆ ಸರ್ರನೆ ಏರಿತು.

"ಎಂಥಾ ಸಾವು ನೋಡ್ರೇ," ದುಗ್ಗಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಿನ್ನೆ ಶಾಲೇಲಿ ಮಕ್ಕಳಿಗೆ ಊಟ ಬಡಿಸಿ, ಸೌಟು ತೊಳೆದಿಟ್ಟು, ಎದೆ ಹಿಡ್ಕೊಂಡು ಕುಂತಳಂತೆ. ಅಷ್ಟೇಯ. ಹಾಸಿಗೆ ಹಿಡೀಲಿಲ್ಲ, ಯಾರ ಕೈಲೂ ನೀರು ಕುಡಿಸ್ಕೊಳ್ಳಲಿಲ್ಲ. ಹಣೇಲಿ ಕುಂಕುಮ ಇಟ್ಕೊಂಡೇ ಹೋದಳು. ಪುಣ್ಯ ಬೇಕು."

ಅಂತರಘಟ್ಟಮ್ಮನ ಹೊಟ್ಟೆಯಲ್ಲಿ ಏನೋ ಚುರುಕ್ ಎಂದಿತು. ಅದೇನೆಂದು ಅವಳಿಗೆ ಗೊತ್ತಿತ್ತು, ಹಳೆಯ ಪರಿಚಯ. ಹೆಣದ ಮುಂದೆ ನಿಂತಾಗಲಾದರೂ ಅದು ಸುಮ್ಮನಿರುತ್ತದೆ ಅಂದುಕೊಂಡಿದ್ದಳು. ಇರಲಿಲ್ಲ. ಇದನ್ನೂ ನೀನೇ ತಗೊಂಡೆಯಲ್ಲೇ ಮೂಕಿ ಎಂದು ಅದು ಒಳಗಿನಿಂದ ಹೇಳಿತು.

ಮೂಕಮ್ಮನ ಹಿಂದೆ, ಗೋಡೆಯ ಉದ್ದಕ್ಕೂ, ಹಳೇ ಬಣ್ಣದ ಬಕೆಟ್ಟುಗಳಲ್ಲಿ ಹತ್ತು ದೇವಕಣಗಿಲೆ ಗಿಡಗಳು ಸಾಲಾಗಿ ನಿಂತಿದ್ದವು. ಬೇಸಿಗೆಯಾದ್ದರಿಂದ ಎಲ್ಲವೂ ಹೂ ಬಿಟ್ಟಿದ್ದವು. ಒಂದರಂತೆ ಇನ್ನೊಂದಿರಲಿಲ್ಲ. ಒಂದು ಹಳದಿ, ಒಂದು ಮಾವಿನ ಹಣ್ಣಿನ ಬಣ್ಣ, ಒಂದು ಬಿಳಿಯ ಅಂಚಿಗೆ ಕೆಂಪು ಬಳಿದ ಹಾಗೆ, ತುದಿಯದು ಕಡು ಗುಲಾಬಿ.

*

ಏಳು ವರ್ಷದ ಹಿಂದೆ ಇಬ್ಬರೂ ನ್ಯಾಮತಿಯಿಂದ ಬಸ್ಸಿನಲ್ಲಿ ಹೊನ್ನಾಳಿಗೆ ಹೋಗಿದ್ದರು, ಆಧಾರ್ ಕಾರ್ಡಿನಲ್ಲಿ ಹೆಸರು ಸರಿ ಮಾಡಿಸಲು. ಕಚೇರಿಯಲ್ಲಿ ಮಧ್ಯಾಹ್ನದ ಮೇಲೆ ಬನ್ನಿ ಅಂದರು. ಹೊಳೆಯ ಕಡೆ ಹೋಗಿ ಒಂದು ಹಳೇ ದೇವಕಣಗಿಲೆ ಮರದ ಕೆಳಗೆ ಬುತ್ತಿ ಬಿಚ್ಚಿದರು. ಆಗ ಮೂಕಮ್ಮ ತಲೆ ಎತ್ತಿ ನೋಡಿ, "ಅಗೋ, ಎತ್ತಿನ ಕೋಡು," ಅಂದಳು.

ಕೊಂಬೆಯ ತುದಿಯಲ್ಲಿ ಎರಡು ಕಪ್ಪು ಕಾಯಿಗಳು, ಅತ್ತೊಂದು ಇತ್ತೊಂದು, ನಿಜವಾಗಿಯೂ ಎತ್ತಿನ ಕೋಡಿನ ಹಾಗೇ ಜೋಡಿಯಾಗಿ ಚಾಚಿಕೊಂಡಿದ್ದವು. ಆ ಮರಕ್ಕೆ ಕಾಯಿ ಬಿಡುವುದನ್ನು ಇಬ್ಬರೂ ಕಂಡಿರಲಿಲ್ಲ. ಮೂಕಮ್ಮ ಛತ್ರಿಯಿಂದ ಬಗ್ಗಿಸಿ ಕಿತ್ತಳು. ಒಂದು ಆಗಲೇ ಬಿರಿಯಲು ಶುರುವಾಗಿತ್ತು. ಒಳಗೆ ರೆಕ್ಕೆಯಿದ್ದ ತೆಳ್ಳನೆಯ ಬೀಜಗಳು ಒಂದರ ಮೇಲೊಂದು ಒತ್ತಿ ಮಲಗಿದ್ದವು.

"ನಿಂಗೊಂದು, ನಂಗೊಂದು."

"ಬೀಜ ಯಾಕೆ? ಕೊಂಬೆ ಮುರ್ಕೊಂಡು ಹೋಗಿ ನೆಟ್ಟರೆ ಬರ್ತದಪ್ಪ."

"ಕೊಂಬೆ ನೆಟ್ಟರೆ ಇದೇ ಮರ ಬರ್ತದೆ ಕಣೇ, ಇದೇ ಹೂವು. ಬೀಜ ಹಾಕಿದ್ರೆ ಮಗು ಹುಟ್ಟಿದಂಗೆ. ಯಾರನ್ನ ಹೋಲ್ತದೋ, ಕರೀದೋ ಕೆಂಪಂದೋ, ಹುಟ್ಟೋ ತನಕ ದೇವರಿಗೂ ಗೊತ್ತಿರಲ್ಲ. ನಮ್ಮ ಮೇಷ್ಟ್ರು ಹೇಳಿದ್ರು."

ಅಂತರಘಟ್ಟಮ್ಮ ಮನೆಗೆ ಬಂದವಳೇ ತನ್ನ ಪಾಲಿನ ಬೀಜಗಳನ್ನು ಒಂದು ಒಡೆದ ಬಿಂದಿಗೆಯಲ್ಲಿ ಹಾಕಿದಳು. ಕೆಳಗೆ ಹಸಿ ಸಗಣಿ, ಮೇಲೆ ಕಪ್ಪು ಮಣ್ಣು. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು. ಬೆಂಡೆಕಾಯಿಗೂ ಬದನೆಗೂ ಅವಳು ಹಾಗೇ ಮಾಡುತ್ತಿದ್ದಳು, ಬರುತ್ತಿತ್ತು.

ಮೂಕಮ್ಮ ಮೊಸರಿನ ಡಬ್ಬಿಗಳ ತಳಕ್ಕೆ ಮೊಳೆ ಕಾಯಿಸಿ ತೂತು ಮಾಡಿದಳು. ಹೊಳೆ ಮರಳು, ಒಣಗಿ ಪುಡಿಯಾದ ಎಲೆಗೊಬ್ಬರ, ಒಂದಿಷ್ಟು ತೆಂಗಿನ ನಾರು ಕಲಸಿದಳು. ಬೀಜದ ದಪ್ಪ ಕಡೆ ಮಣ್ಣಿನಲ್ಲಿ, ರೆಕ್ಕೆ ಹೊರಗೆ. ಬೆರಳಿಟ್ಟು ನೋಡಿ ಮೇಲ್ಮಣ್ಣು ಒಣಗಿದ್ದರೆ ಮಾತ್ರ ಕೈಯಲ್ಲಿ ನೀರು ಚಿಮುಕಿಸುತ್ತಿದ್ದಳು. ಬೆಳಗಿನ ಬಿಸಿಲು ಬಂದ ಕಡೆಗೆ ಡಬ್ಬಿ ಸರಿಸುತ್ತಿದ್ದಳು. ಹತ್ತನೇ ದಿನ ಹನ್ನೊಂದು ಸಸಿ ಬೀಜದ ಸಿಪ್ಪೆಯನ್ನು ಟೋಪಿಯ ಹಾಗೆ ಹೊತ್ತುಕೊಂಡು ಎದ್ದವು.

ಅಂತರಘಟ್ಟಮ್ಮನ ಬಿಂದಿಗೆಯಲ್ಲಿ ಬಿಳಿ ಬೂಸಲು ಎದ್ದಿತು.

"ನೀರು ಜಾಸ್ತಿಯಾಯ್ತು ಕಣೇ. ಅದು ಹಾಲಿನ ಗಿಡ, ತನ್ನ ನೀರು ತಾನೇ ಇಟ್ಕೊಂಡಿರ್ತದೆ," ಅಂದಳು ಮೂಕಮ್ಮ.

ಮೊದಲೇ ಹೇಳಬಹುದಿತ್ತಲ್ಲ ಅಂದುಕೊಂಡಳು ಅಂತರಘಟ್ಟಮ್ಮ. ಮೂಕಮ್ಮ ಮೊದಲೇ ಹೇಳಿದ್ದಳು, ಮೂರು ಸಲ. ಗೋಡೆಯಾಚೆಯಿಂದ ಬಂದ ಬುದ್ಧಿಮಾತು ಎಂದು ಇವಳೇ ಕಿವಿಗೆ ಹಾಕಿಕೊಂಡಿರಲಿಲ್ಲ.

*

ಹತ್ತು ಗಂಟೆಯಾಗಿತ್ತು. ತವರಿನ ಸೀರೆ ಬರುವವರೆಗೂ ಹೆಣ ಎತ್ತುವ ಹಾಗಿರಲಿಲ್ಲ. ಮೂಕಮ್ಮನ ತಮ್ಮ ಚಿಕ್ಕಹನುಮಂತಪ್ಪ ಸೀರೆ ಹಿಡಿದುಕೊಂಡು ಜಗಳೂರಿನಿಂದ ಹೊರಟಿದ್ದ. ಗಂಡ ಧರ್ಮಪ್ಪ ಹೆಂಡತಿಯ ಕಾಲ ಹತ್ತಿರ ಕೂತು ನೆಲ ನೋಡುತ್ತಿದ್ದ. ಬೆಳಗಿನಿಂದ ಅವನು ಒಂದು ಮಾತೂ ಆಡಿರಲಿಲ್ಲ.

ಕೇರಿಯ ಹಿರಿಯ ದಾಸಪ್ಪ ಬೀಡಿ ಆರಿಸಿ ಎದ್ದ. "ಕೆಂಚೇಶ, ಬಾ ಇಲ್ಲಿ. ಹೆಣ ಎತ್ತಾಕೆ ಮುಂಚೆ ಈ ಗಿಡದ್ದೊಂದು ತೀರ್ಮಾನ ಆಗ್ಬೇಕು. ಮನೇಲಿ ಏಳು ತಿಂಗಳ ಬಸುರಿ ಅದಾಳೆ."

ಕೆಂಚೇಶ್ ಮೂಕಮ್ಮನ ಒಬ್ಬನೇ ಮಗ, ಲೈನ್‌ಮನ್. ಅತ್ತು ಅತ್ತು ಕಣ್ಣು ಊದಿದ್ದವು. ಅವನು ಮಚ್ಚು ತಂದ. ಆದರೆ ಗಿಡದ ಹತ್ತಿರ ಹೋಗದೆ ನೆಟ್ಟಗೆ ಮೋಟು ಗೋಡೆಯ ಹತ್ತಿರ ಬಂದ.

"ದೊಡ್ಡವ್ವ, ನೀ ಹೇಳಿದ್ದೆ ಅವತ್ತೇ. ಬೀಜದಿಂದ ಎದ್ದ ದೇವಕಣಗಿಲೆ ಮನೆ ಮುಂದೆ ಹೂ ಬಿಟ್ಟರೆ ನೆಟ್ಟವಳನ್ನ ಕರ್ಕೊಂಡೋಗ್ತದೆ ಅಂತ. ಅವ್ವ ನಕ್ಕಳು. ನಾನೂ ನಕ್ಕೆ." ಅವನು ಮಚ್ಚಿನ ತುದಿಯಿಂದ ಗಿಡಗಳ ಕಡೆ ತೋರಿಸಿದ. "ಈಗ ಹೇಳು. ಸುಡಬೇಕಾ, ಕಡಿದು ಹೊಳೆಗೆ ಬಿಡಬೇಕಾ? ನಿಂಗೇ ಗೊತ್ತಿರೋದು."

ಅಂಗಳದಲ್ಲಿದ್ದ ಅಷ್ಟೂ ಜನ ಅವಳ ಕಡೆ ತಿರುಗಿದರು.

"ಬಾಯಲ್ಲಿ ದೇವರಿದ್ದಂಗೆ ಹೇಳಿದ್ಲು," ಅಂದಳು ದುಗ್ಗಮ್ಮ. "ಹೆಂಗಸರ ಸಂಘದ ಮೀಟಿಂಗಲ್ಲಿ ನಾನೂ ಇದ್ದೆ. ಮೈ ಜುಂ ಅಂತು."

"ಸರಿಯಿರ್ರೀ, ಅವಳು ಮುಂದೆ ಬರ್ಲಿ. ಜಾಗ ಬಿಡ್ರಿ," ಅಂದ ದಾಸಪ್ಪ.

ಜಾಗ ಬಿಟ್ಟರು. ಒಬ್ಬರು ಕೂರಲು ಪ್ಲಾಸ್ಟಿಕ್ ಕುರ್ಚಿ ತಂದರು. ಅಂತರಘಟ್ಟಮ್ಮ ಕೂತಳು. ಈ ಅಂಗಳದಲ್ಲಿ ಅವಳಿಗೆಂದು ಹಿಂದೆಂದೂ ಯಾರೂ ಕುರ್ಚಿ ತಂದಿರಲಿಲ್ಲ. ಎದೆಯೊಳಗೆ ಬೆಚ್ಚಗಾಯಿತು. ಬೆಚ್ಚಗಾಗಬಾರದಿತ್ತು ಎಂದೂ ಗೊತ್ತಾಯಿತು.

"ಸುಡಬ್ಯಾಡ್ರಿ," ಅಂದಳು. "ಹಾಲಿನ ಗಿಡ, ಹೊಗೆ ಕೆಟ್ಟದ್ದು. ಕಡಿದು ಹೊಳೆಗೆ ಬಿಡ್ರಿ."

ಕೆಂಚೇಶ್ ತುದಿಯ ಗುಲಾಬಿ ಬಣ್ಣದ ಗಿಡಕ್ಕೇ ಮೊದಲ ಏಟು ಹಾಕಿದ. ಮೆತ್ತಗಿನ ಕಾಂಡ, ಒಂದೇ ಏಟಿಗೆ ಮುರಿದು ಬಿತ್ತು. ಮೋಟಿನಿಂದ ಹಾಲು ಉಕ್ಕಿ ಬಕೆಟ್ಟಿನ ಅಂಚಿಗೆ ಇಳಿಯಿತು. ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ಆಟೋ ನಿಂತಿತು. ಜಗಳೂರಿನವರು ಬಂದರು ಎಂದು ಯಾರೋ ಕೂಗಿದರು. ಅಳು ಒಮ್ಮೆಲೇ ಎದ್ದಿತು. ಕೆಂಚೇಶ್ ಮಚ್ಚನ್ನು ಅಲ್ಲೇ ಬಿಟ್ಟು ಮಾವನ ಕಡೆ ಓಡಿದ.

*

ಸಸಿಗಳಿಗೆ ಎರಡು ವರ್ಷವಾದಾಗ, ಇನ್ನೂ ಒಂದೂ ಹೂ ಬಿಡುವ ಮೊದಲೇ, ಮೂಕಮ್ಮ ಒಂದನ್ನು ಎತ್ತಿಕೊಂಡು ಗೋಡೆ ದಾಟಿ ಬಂದಿದ್ದಳು. ಹನ್ನೊಂದರಲ್ಲಿ ಅದೇ ಗಟ್ಟಿಯಾಗಿತ್ತು, ಎಲೆ ಅಗಲವಾಗಿತ್ತು. "ಇದು ನಿಂದು. ಎರಡೂ ಕಾಯಿ ಜೊತೇಲೇ ಕಿತ್ತಿದ್ದಲ್ವಾ," ಅಂದಳು.

ಮೂರನೇ ಬೇಸಿಗೆಗೆ ಮೊಗ್ಗು ಬಂದವು. ಗೋಡೆಯಾಚೆ ಒಂದೊಂದೂ ಒಂದೊಂದು ಬಣ್ಣದಲ್ಲಿ ಬಿರಿಯಿತು. ಗೋಡೆಯೀಚೆ ಬಿಳಿ. ನಡುವೆ ಒಂದಿಷ್ಟು ಹಳದಿ. ಯಾವ ಗುಡಿ ಮುಂದೆ ನೋಡಿದರೂ ಇರುವ ಹೂವು.

ಆಗಿನಿಂದ ಜನ ಬರಲು ಶುರು ಮಾಡಿದರು. ಶಾಲೆಯ ಟೀಚರುಗಳು, ಬ್ಯಾಂಕಿನವರು. ಸೂರಗೊಂಡನಕೊಪ್ಪದ ಗುಡಿಗೆ ಹೋಗುವ ಕಾರುಗಳು ದಾರಿ ಬಿಟ್ಟು ಬಂದು ನಿಲ್ಲುತ್ತಿದ್ದವು. ಫೋನು ಎತ್ತಿ ಫೋಟೋ ಹೊಡೆಯುತ್ತಿದ್ದರು. ರಸ್ತೆಯ ಕಡೆಯಿಂದ ಬರುವವರಿಗೆ ಮೊದಲು ಸಿಗುವುದು ಅಂತರಘಟ್ಟಮ್ಮನ ಮನೆ.

"ಅಮ್ಮಾ, ಹೂವಿನ ಮನೆ ಯಾವುದು?"

ದಿನಕ್ಕೆ ನಾಲ್ಕು ಸಲ. ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತವಳು ಮುಖ ಎತ್ತದೆ ಗಲ್ಲದಿಂದ ತೋರಿಸುತ್ತಿದ್ದಳು. ಒಂದೆರಡು ಸಲ ಬೇಕೆಂದೇ ಕೆಳಗಿನ ಕೇರಿಗೆ ಕಳಿಸಿದ್ದಳು.

ಕೊಡುವಾಗಲೇ ಮೂಕಿಗೆ ಗೊತ್ತಿತ್ತು, ಬಿಳಿಯದ್ದನ್ನೇ ಆರಿಸಿ ಕೊಟ್ಟಳು. ಈ ಮಾತು ಅವಳ ತಲೆಯನ್ನು ಹೊಕ್ಕಿತು. ಹೂ ಬಿಡುವ ಮೊದಲು ಯಾರಿಗೂ ತಿಳಿಯುವುದಿಲ್ಲ ಎಂದು ಹೊಳೆಯ ದಂಡೆಯಲ್ಲಿ ಕೇಳಿದ್ದು ನೆನಪಿರಲಿಲ್ಲವೆಂದಲ್ಲ. ನೆನಪಾದಾಗಲೆಲ್ಲ ಅದನ್ನು ಆಚೆ ತಳ್ಳುತ್ತಿದ್ದಳು. ಒಂದು ದಿನ ಬಿಳಿ ಗಿಡವನ್ನು ಬೇರು ಸಮೇತ ಕಿತ್ತು ಕಸದ ಗಾಡಿಗೆ ಹಾಕಿದಳು.

ಆ ವಾರದ ಸಂಘದ ಮೀಟಿಂಗಿನಲ್ಲಿ ದುಗ್ಗಮ್ಮ ಮೂಕಮ್ಮನ ಗಿಡಗಳನ್ನು ಹೊಗಳುತ್ತಿದ್ದಳು. ಮೂಕಮ್ಮ ಇನ್ನೂ ಬಂದಿರಲಿಲ್ಲ.

"ಚಂದ ಐತೆ, ಇಲ್ಲ ಅನ್ನಲ್ಲ," ಅಂದಳು ಅಂತರಘಟ್ಟಮ್ಮ. "ಆದ್ರೆ ಅದು ಸಮಾಧಿ ಹೂವು ಕಣ್ರೇ. ಕೊಂಬೆ ನೆಟ್ಟರೆ ಚಿಂತಿಲ್ಲ. ಬೀಜದಿಂದ ಎದ್ದಿದ್ದು ಮನೆ ಮುಂದೆ ಹೂ ಬಿಟ್ಟರೆ, ನೆಟ್ಟವಳನ್ನ ಕರ್ಕೊಂಡೇ ಹೋಗೋದು. ನಮ್ಮಜ್ಜಿ ಹೇಳೋಳು. ಅದಕ್ಕೇ ನಾನು ಕಿತ್ತು ಬಿಸಾಕಿದೆ."

ಅವಳ ಅಜ್ಜಿ ಆ ಗಿಡದ ಹೆಸರನ್ನೇ ಎತ್ತಿರಲಿಲ್ಲ. ಆದರೆ ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಅಜ್ಜಿಯ ದನಿ ಕೇಳಿದಂತಾಯಿತು.

ಸಂಜೆ ಮೂಕಮ್ಮ ಗೋಡೆಯ ಮೇಲೆ ಮೊಣಕೈ ಊರಿ ನಕ್ಕಳು. "ಏನೇ, ನನ್ನ ಗಿಡ ನನ್ನೇ ತಿಂತದಂತಾ? ಎಲ್ಲಿಂದ ಶುರು ಮಾಡ್ತದೆ, ಕಾಲಿಂದಾನೋ ತಲೆಯಿಂದಾನೋ?"

*

ಜಗಳೂರಿನ ಸೀರೆ ಉಡಿಸುವಾಗ ಅಂತರಘಟ್ಟಮ್ಮ ತನ್ನ ಮನೆಯೊಳಗೆ ಬಂದಳು. ಕೆಂಚೇಶನ ಹೆಂಡತಿ ಲಕ್ಷ್ಮೀದೇವಿಯನ್ನು ಬೆಳಗಿನಿಂದ ಅಲ್ಲೇ ಕೂರಿಸಿದ್ದರು. ಬಸುರಿ ಹೆಂಗಸು ಹೆಣ ಇದ್ದ ಮನೆಯಲ್ಲಿ ಇರಬಾರದು. ಚನ್ನಗಿರಿಯಿಂದ ಬಂದ ಅವಳ ತಾಯಿ ಒಂದು ಗಳಿಗೆ ಆಚೆ ಹೋಗಿದ್ದಳು.

"ಗಿಡ ಕಡಿಯೋ ಶಬ್ದ ಕೇಳ್ತು ದೊಡ್ಡಮ್ಮ."

"ಒಂದು ಕಡಿದ. ಉಳಿದಿದ್ದು ಆಮೇಲೆ ಕಡೀತಾನೆ."

"ನೀವು ಬ್ಯಾಡ ಅನ್ನಿ. ನಿಮ್ಮ ಮಾತು ಕೇಳ್ತಾರೆ."

"ನಿನ್ನ ಒಳ್ಳೇದಕ್ಕೇ ಕಣಮ್ಮ."

ಲಕ್ಷ್ಮೀದೇವಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅತ್ತೆಗೆ ಗೊತ್ತಿತ್ತು, ನೀವೇ ಕಟ್ಟಿದ ಮಾತು ಅಂತ."

ಅಂತರಘಟ್ಟಮ್ಮ ಗೋಡೆಗೆ ಒರಗಿ ಕೂತಳು.

"ನಾನೇ ಒಂದಿನ ರೇಗಿದ್ದೆ. ಹೋಗಿ ಕೇಳ್ತೀನಿ ಅಂದೆ. ಅತ್ತೆ ಬಿಡಲಿಲ್ಲ. 'ಅವಳಿಗೆ ನನ್ನ ಕಂಡ್ರೆ ಹೊಟ್ಟೆಕಿಚ್ಚು. ಪಾಪ, ಇರ್ಲಿ,' ಅಂದ್ರು."

ಪಾಪ. ಆ ಒಂದು ಮಾತಿಗೆ ಅಂತರಘಟ್ಟಮ್ಮನ ಮೈ ಉರಿಯಿತು. ಬೈದಿದ್ದರೆ ಆಗುತ್ತಿತ್ತು. ಬೀದಿಯಲ್ಲಿ ಜುಟ್ಟು ಹಿಡಿದಿದ್ದರೆ ಸಮವಾಗುತ್ತಿತ್ತು. ಕನಿಕರಪಟ್ಟು ಅಲ್ಲೂ ಮೇಲಿನ ಮೆಟ್ಟಿಲಲ್ಲೇ ನಿಂತಿದ್ದಳು ಮೂಕಿ.

"ಆಮೇಲೆ ಇನ್ನೊಂದು ಅಂದ್ರು. 'ನಂಗೂ ಅವಳ ಮೇಲೆ ಇತ್ತು ಕಣೇ, ಮೊದಲು.'"

"ಏನಿತ್ತು?"

"ಹೊಟ್ಟೆಕಿಚ್ಚು. ನೀವು ಸೋಬಾನೆ ಹಾಡ್ತಿದ್ರಂತಲ್ಲ. ಯಾರ ಮನೇಲಿ ಮದುವೆ ಆದ್ರೂ ಮೊದಲು ನಿಮ್ಮನ್ನೇ ಕರೆಯೋರಂತೆ. ನೀವು ಬಾಯಿ ಬಿಟ್ರೆ ಚಪ್ಪರವೆಲ್ಲ ಸುಮ್ಮನಾಗ್ತಿತ್ತಂತೆ. ಅತ್ತೆಗೆ ದನಿ ಇರ್ಲಿಲ್ಲ. ನಿಮ್ಮ ಪಕ್ಕ ಕುಂತು ಸುಮ್ಮನೆ ಬಾಯಿ ಆಡಿಸ್ತಿದ್ರಂತೆ. 'ಅವಳಿಗೆ ಹಾಡು ಐತೆ, ನಂಗೂ ಏನಾದ್ರೂ ಒಂದಿರ್ಲಿ ಅಂತ ಛಲಕ್ಕೆ ಈ ಬೀಜ ಎಬ್ಬಿಸಿದೆ. ಗಿಡ ಹೂ ಬಿಡೋ ಹೊತ್ತಿಗೆ ಅವಳ ಗಂಡ ಹೋದ, ಅವಳನ್ನ ಹಾಡಾಕೆ ಕರೆಯೋದೇ ಬಿಟ್ರು. ನಾನು ಗೆದ್ದಂಗಾಯ್ತು, ಆದ್ರೆ ಯಾರ ಮೇಲೆ?' ಅಂದ್ರು."

ಹೊರಗೆ ದಾಸಪ್ಪನ ದನಿ ಕೇಳಿತು. "ಹೂಂ, ಸೀರೆ ಆಯ್ತಲ್ಲ. ಬೇಗ ಕಡಿಯಪ್ಪ, ಹೊತ್ತಾಗ್ತದೆ."

ಅಂತರಘಟ್ಟಮ್ಮ ಎದ್ದಳು. ಹೊಸ್ತಿಲ ಹತ್ತಿರ ನಿಂತಳು. ಅಂಗಳದ ನಡುವೆ ಅವಳು ಕೂತಿದ್ದ ಕುರ್ಚಿ ಖಾಲಿ ಇತ್ತು. ಇನ್ನೊಂದು ಹೆಜ್ಜೆ ಇಟ್ಟರೆ ಅದರಲ್ಲಿ ಮತ್ತೆ ಕೂರುವ ಹಾಗಿರಲಿಲ್ಲ.

"ಕೆಂಚೇಶ, ತಡಿ," ಅಂದಳು.

ಮಚ್ಚು ಮೇಲೆಯೇ ನಿಂತಿತು.

"ನಾ ಹೇಳಿದ್ದು ಸುಳ್ಳು. ನಮ್ಮಜ್ಜಿ ಏನೂ ಹೇಳಿಲ್ಲ. ನಾನೇ ಕಟ್ಟಿದ್ದು. ಹೊಟ್ಟೆಕಿಚ್ಚಿಗೆ."

ದುಗ್ಗಮ್ಮ ಬಂದು ಅವಳ ಭುಜ ಹಿಡಿದಳು. "ಅಯ್ಯೋ ತಾಯಿ, ಸಂಕಟಕ್ಕೆ ಏನೇನೋ ಅಂತಾಳೆ. ಗೆಳತಿ ಗಿಡ ಉಳೀಲಿ ಅಂತ ತನ್ನ ಮೇಲೇ ಹಾಕ್ಕೊಂತಾಳೆ."

"ಬಿಡೇ. ನಿಜವಾಗ್ಲೂ ಸುಳ್ಳು."

"ಸುಳ್ಳಾದ್ರೆ ಮೂಕಮ್ಮ ಯಾಕೆ ಸತ್ತಳು?" ದಾಸಪ್ಪ ಕೇಳಿದ.

ಕೆಂಚೇಶ್ ಮಚ್ಚು ಹಿಡಿದ ಕೈಯನ್ನು ಮತ್ತೆ ಗಟ್ಟಿ ಮಾಡಿದ.

"ಹಂಗಾದ್ರೆ ಎಲ್ಲಾನೂ ನನ್ನ ಮನೆ ಮುಂದೆ ಇಡ್ರಿ," ಅಂದಳು ಅಂತರಘಟ್ಟಮ್ಮ. "ತಿನ್ನೋದಾದ್ರೆ ನನ್ನ ತಿನ್ಲಿ. ನಂಗೆ ಹಿಂದೆ ಮುಂದೆ ಯಾರದಾರೆ?"

ದುಗ್ಗಮ್ಮನ ಕೈ ಭುಜದಿಂದ ಜಾರಿತು. ಅವಳು ಅಂತರಘಟ್ಟಮ್ಮನ ಮುಖ ನೋಡಿದಳು, ಗಿಡಗಳನ್ನು ನೋಡಿದಳು, ಮತ್ತೆ ಮುಖ ನೋಡಿದಳು.

"ಓಹೋ! ಇದೇನಾ ಕತೆ?" ಅಂದಳು. "ಸುಳ್ಳಂತೆ, ಹೊಟ್ಟೆಕಿಚ್ಚಂತೆ! ಇದ್ದಾಗ ಸಿಗಲಿಲ್ಲ, ಹೆಣ ಎತ್ತಾಕೆ ಮುಂಚೆ ಹೊತ್ಕೊಂಡೋಗಾಕೆ ನಿಂತಳಲ್ಲಪ್ಪ! ಇನ್ನು ಮೂಕಮ್ಮನ ಕೊರಳಲ್ಲಿರೋದೊಂದು ಬಿಚ್ಕೊಂಡ್ರೆ ಮುಗೀತು."

ಯಾರೋ ಹಿಂದಿನಿಂದ ಥೂ ಎಂದರು.

ಇಲ್ಲ ಎಂದು ಹೇಳಲು ಅಂತರಘಟ್ಟಮ್ಮ ಬಾಯಿ ತೆರೆದಳು. ಹೇಳಲಾಗಲಿಲ್ಲ. ಆ ಗಿಡಗಳು ಅವಳಿಗೆ ಬೇಕಾಗಿದ್ದವು. ನಾಲ್ಕು ವರ್ಷದಿಂದ ಪ್ರತಿ ಬೆಳಿಗ್ಗೆ ಬೇಕಾಗಿದ್ದವು. ಈ ಗಳಿಗೆಯಲ್ಲೂ, ಮಾವಿನ ಬಣ್ಣದ್ದನ್ನು ಬಾಗಿಲ ಬಲಕ್ಕೆ ಇಡಬೇಕು ಎಂದು ತಲೆಯ ಒಂದು ಮೂಲೆ ಲೆಕ್ಕ ಹಾಕುತ್ತಿತ್ತು. ಇವರು ಹೇಳುವುದೂ ಸುಳ್ಳಲ್ಲ.

ಅವಳು ಮಾತಾಡದೆ ಹೋಗಿ ಮಚ್ಚಿಗೂ ಗಿಡಕ್ಕೂ ನಡುವೆ ಬಗ್ಗಿ, ಹತ್ತಿರವಿದ್ದ ಬಕೆಟ್ಟಿನ ಹಿಡಿಗೆ ಕೈ ಹಾಕಿ ಎಳೆದಳು. ಅದು ಗರಗರ ಎಂದು ಒಂದು ಮೊಳ ಸರಿಯಿತು. ಮತ್ತೆ ಎಳೆದಳು. ಯಾರೂ ಮುಂದೆ ಬರಲಿಲ್ಲ.

ಹೆಣದ ಕಾಲ ಬಳಿಯಿಂದ ಧರ್ಮಪ್ಪ ಎದ್ದು ಬಂದ. ಮಗನ ಕೈಯಿಂದ ಮಚ್ಚು ತೆಗೆದುಕೊಂಡು ಗೋಡೆಯಾಚೆ ಎಸೆದ. ಬಕೆಟ್ಟಿನ ಇನ್ನೊಂದು ಬದಿ ಹಿಡಿದ.

"ಎಳೀಬ್ಯಾಡ," ಅಂದ. ಅವತ್ತಿನ ಅವನ ಮೊದಲ ಮಾತು. "ಬೇರು ಅಲ್ಲಾಡ್ತವೆ. ಎತ್ತು."

ಒಂಬತ್ತು ಬಕೆಟ್ಟುಗಳನ್ನೂ, ಮೋಟಾದ ಹತ್ತನೆಯದನ್ನೂ ಇಬ್ಬರೇ ಸಾಗಿಸಿದರು. ಕೊನೆಯದನ್ನು ಇಡುವಾಗ ಲಕ್ಷ್ಮೀದೇವಿಯ ತಾಯಿ ಓಡಿ ಬಂದು, ಗಿಡಗಳಿಗೆ ಮೈ ತಾಗದಂತೆ ಮಗಳಿಗೆ ಕಂಬಳಿ ಹೊದಿಸಿ, ಆ ಮನೆಯಿಂದ ಎಬ್ಬಿಸಿ ಹಿಂದಿನ ಸಾಲಿನ ಮನೆಗೆ ಕರೆದುಕೊಂಡು ಹೋದಳು. ಮಗಳು ಏನೋ ಹೇಳುತ್ತಿದ್ದಳು. ತಾಯಿ ಕೇಳಿಸಿಕೊಳ್ಳಲಿಲ್ಲ.

*

ಮಣ್ಣು ಮಾಡಲು ಹೋದವರು ನಾಲ್ಕೂವರೆಗೆ ವಾಪಸು ಬಂದರು. ಸತ್ತವರ ಮನೆಯಲ್ಲಿ ಹಚ್ಚಿಟ್ಟ ದೀಪ ನೋಡಿಯೇ ಅವರವರ ಮನೆಗೆ ಹೋಗಬೇಕು. ಆ ದೀಪಕ್ಕೆ ಹೋಗುವ ದಾರಿ ಅಂತರಘಟ್ಟಮ್ಮನ ಬಾಗಿಲ ಮುಂದೆ.

ಅವಳು ಹೊಸ್ತಿಲ ಮೇಲೆ ಕೂತಿದ್ದಳು. ಅಂಗಳ ಚಿಕ್ಕದು, ಗಿಡಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಸಂಜೆಯ ಬಿಸಿಲಿಗೆ ಹಳದಿ, ಕೆಂಪು, ಮಾವಿನ ಬಣ್ಣ ಎಲ್ಲವೂ ಉರಿದ ಹಾಗೆ ಕಾಣುತ್ತಿದ್ದವು. ವಾಸನೆ ರಸ್ತೆಯವರೆಗೂ ಹಬ್ಬಿತ್ತು.

ಮೊದಲು ಬಂದ ದಾಸಪ್ಪ ಗಿಡಗಳನ್ನು ಕಂಡ ಕೂಡಲೇ ಎದುರು ಬದಿಗೆ ಸರಿದ. ಅವನ ಹಿಂದಿನವರೂ ಸರಿದರು. ಎದುರು ಬದಿಯಲ್ಲಿ ತೆರೆದ ಚರಂಡಿ, ಅದರ ಅಂಚಿಗೆ ಒಂದು ಅಡಿ ಅಗಲದ ಕಲ್ಲು. ಎಲ್ಲರೂ ಗೋಡೆಗೆ ಬೆನ್ನು ಉಜ್ಜಿಕೊಂಡು, ಒಬ್ಬರ ಹಿಂದೊಬ್ಬರು, ಆ ಕಲ್ಲಿನ ಮೇಲೆ ನಡೆದರು. ನಡುವಿನ ರಸ್ತೆ ಪೂರ್ತಿ ಖಾಲಿ ಇತ್ತು. ಯಾರೂ ಹೂಗಳ ಕಡೆ ಕಣ್ಣು ಎತ್ತಲಿಲ್ಲ.

ದುಗ್ಗಮ್ಮ ದಪ್ಪ ಹೆಂಗಸು. ಅರ್ಧ ದಾರಿಗೆ ಬಂದಾಗ ಕಲ್ಲು ಅಲುಗಾಡಿ ಅವಳ ಬಲಗಾಲು ಮೊಣಕಾಲವರೆಗೂ ಚರಂಡಿಗೆ ಇಳಿಯಿತು. ಅಂತರಘಟ್ಟಮ್ಮ ಸರಕ್ಕನೆ ಎದ್ದು, ಬಕೆಟ್ಟುಗಳ ಮೇಲಿಂದ ಎರಡೂ ಕೈ ಚಾಚಿದಳು. ದುಗ್ಗಮ್ಮ ಆ ಕೈಗಳನ್ನು ನೋಡಿದಳು. ಗೋಡೆ ತಡಕಿ, ಉಗುರು ಊರಿ, ತಾನೇ ಕಾಲು ಕಿತ್ತುಕೊಂಡಳು. ಕಲ್ಲಿನ ಮೇಲೇ ಮುಂದೆ ನಡೆದಳು.

ಎದುರು ಗೋಡೆಯ ಗುಂಟ, ದೀಪವಿದ್ದ ಬಾಗಿಲವರೆಗೂ, ಒಂದೇ ಕಾಲಿನ ಕಪ್ಪು ಹೆಜ್ಜೆಗಳು ಹಸಿಯಾಗಿ ಮಿನುಗುತ್ತಿದ್ದವು.